'ಡಿಕ್ಯೂ' ಎಂದಷ್ಟೇ ಹೇಳಬೇಡಿ, ಏಕೆಂದು ಬರೆದುಕೊಡಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಈಜುಕೂಟ ನಡೆಸುವ ಎಲ್ಲ ಸಂಘಟಕರಿಗೆ, ಮುಖ್ಯ ರೆಫರಿಗಳಿಗೆ ಮತ್ತು ತಾಂತ್ರಿಕ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಕ್ಕಳು 'ಡಿಕ್ಯೂ', ಅಂದರೆ ಡಿಸ್‌ಕ್ವಾಲಿಫೈ ಆಗುವುದರ ಬಗ್ಗೆ ನಮ್ಮ ತಕರಾರಿಲ್ಲ. ನಿಯಮ ತಪ್ಪಿದವರು ಅನರ್ಹರಾಗಲೇಬೇಕು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಒಂದೇ ಕೈಯಿಂದ ಗೋಡೆ ಮುಟ್ಟಿ ತಿರುಗಿದವನಿಗೆ ಪದಕ ಕೊಟ್ಟರೆ ಎರಡೂ ಕೈ ಮುಟ್ಟಿಸಿದವನಿಗೆ ಅನ್ಯಾಯ. ನಮ್ಮ ತಕರಾರು ಆ ತೀರ್ಪು ನಮಗೆ ತಲುಪುವ ರೀತಿಯ ಬಗ್ಗೆ. ಹೀಟ್ (ಒಂದು ಗುಂಪಿನ ಸುತ್ತು) ಮುಗಿದು ಎಷ್ಟೋ ಹೊತ್ತಾದ ಮೇಲೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ, ಸಮಯ ಇರಬೇಕಾದ ಜಾಗದಲ್ಲಿ 'ಡಿಕ್ಯೂ' ಎಂದಿರುತ್ತದೆ. ಏಕೆ ಎಂದು ಕೋಚ್ ಹೋಗಿ ಕೇಳಿದರೆ ಮೇಜಿನ ಹಿಂದಿದ್ದವರು 'ಸ್ಟ್ರೋಕ್ ಸರಿ ಇರಲಿಲ್ಲವಂತೆ' ಎನ್ನುತ್ತಾರೆ. ಯಾರು ನೋಡಿದರು, ಎಷ್ಟನೇ ಟರ್ನ್‌ನಲ್ಲಿ, ತಪ್ಪಿದ್ದು ಕೈಯೋ ಕಾಲೋ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಈ ಅಂತೆಕಂತೆಯನ್ನೇ ಹೊತ್ತು ಮಗು ಮನೆಗೆ ಹೋಗುತ್ತದೆ, ತಿದ್ದಿಕೊಳ್ಳಬೇಕಾದ್ದು ಏನೆಂದು ತಿಳಿಯದೆ ಮುಂದಿನ ಕೂಟದಲ್ಲೂ ಹಾಗೆಯೇ ಈಜುತ್ತದೆ.

ಇದು ಒಂದೇ ಕೂಟದಲ್ಲಿ ಆದದ್ದಲ್ಲ, ಒಬ್ಬರೇ ಅಧಿಕಾರಿಯ ಲೋಪವೂ ಅಲ್ಲ. ಹಾಗಾಗಿ ಯಾವ ಕೂಟದ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ಕೂಟ ನಡೆಸುವ ಕಷ್ಟ ನಮಗೂ ಗೊತ್ತು. ಬೆಳಿಗ್ಗೆ ಆರಕ್ಕೆ ಬಂದು ಬಿಸಿಲಲ್ಲಿ ಸಂಜೆಯವರೆಗೆ ನಿಲ್ಲುವ ದೈಹಿಕ ಶಿಕ್ಷಕರ ಮೇಲೆ, ಸ್ವಯಂಸೇವಕರ ಮೇಲೆ ನಮಗೆ ಗೌರವವಿದೆ. ಆದರೂ ಕೆಲವು ಮಾತು ಹೇಳಲೇಬೇಕಾಗಿದೆ.

ಮೊದಲಿಗೆ ತಪ್ಪು ಕಂಡ ಜಡ್ಜ್ ಬರೆಯಬೇಕಾದ ಚೀಟಿಯ ವಿಚಾರ. ಈಜಿನ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ಅಕ್ವಾಟಿಕ್ಸ್, ಅಂದರೆ ಮೊದಲಿನ ಫಿನಾ, ತನ್ನ ನಿಯಮಗಳಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಸ್ಟ್ರೋಕ್ ಜಡ್ಜ್ ಆಗಲಿ, ಟರ್ನ್ ಜಡ್ಜ್ ಆಗಲಿ ತಪ್ಪು ಕಂಡರೆ ರೆಫರಿಗೆ ಸಹಿ ಹಾಕಿದ ಚೀಟಿ ಕೊಡಬೇಕು. ಅದರಲ್ಲಿ ಈವೆಂಟ್, ಲೇನ್ ಮತ್ತು ತಪ್ಪಿನ ವಿವರ ಇರಬೇಕು. ಹಾಗೆಯೇ ಇನ್ನೊಂದು ನಿಯಮವಿದೆ: ಅಧಿಕಾರಿ ಕಣ್ಣಾರೆ ಕಂಡ ಸಂಗತಿಯ ವಿರುದ್ಧ ಪ್ರೊಟೆಸ್ಟ್ (ಆಕ್ಷೇಪ) ಹಾಕುವಂತಿಲ್ಲ. 'ನನ್ನ ಮಗಳ ಎರಡೂ ಕೈ ಮುಟ್ಟಿತ್ತು, ನಾನು ಗ್ಯಾಲರಿಯಿಂದ ನೋಡಿದ್ದೇನೆ' ಎಂದು ಯಾವ ತಂದೆಯೂ ವಾದಿಸುವಂತಿಲ್ಲ. ಅದು ಸರಿಯೇ. ಆದರೆ ಕಂಡದ್ದು ನಿಯಮದ ಪ್ರಕಾರ ತಪ್ಪೇ ಎಂದು ಕೇಳುವ ಹಕ್ಕು ತಂಡಕ್ಕೆ ಇದ್ದೇ ಇದೆ. ಕಂಡದ್ದೇನು ಎಂದು ಬರೆದೇ ಇಲ್ಲವೆಂದಾದರೆ ಆ ಹಕ್ಕನ್ನು ಎಲ್ಲಿ ಚಲಾಯಿಸುವುದು?

ಒಲಿಂಪಿಕ್ಸ್‌ನಲ್ಲೇ ಇದು ನಡೆದಿದೆ. 2004ರ ಅಥೆನ್ಸ್‌ನ 200 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲ್‌ನಲ್ಲಿ ಗೆದ್ದ ಅಮೆರಿಕದ ಆರನ್ ಪಿಯರ್ಸಾಲ್ ಟರ್ನ್ ತಪ್ಪಿದರೆಂದು ಅನರ್ಹರಾದರು. ಸ್ವಲ್ಪ ಹೊತ್ತಿನಲ್ಲೇ ಆ ತೀರ್ಪು ರದ್ದಾಗಿ ಚಿನ್ನ ಅವರಿಗೇ ಸಿಕ್ಕಿತು. ಜಡ್ಜ್ ಬರೆದ ವರದಿಯಲ್ಲಿ ವಿವರ ಸಾಲದಾಗಿತ್ತು, ಅದು ಫಿನಾದ ಅಧಿಕೃತ ಕಾರ್ಯಭಾಷೆಯಲ್ಲೂ ಇರಲಿಲ್ಲ. ಅವರು ನಿಜಕ್ಕೂ ತಪ್ಪು ಮಾಡಿದ್ದರೋ ಇಲ್ಲವೋ ಎಂಬ ಪ್ರಶ್ನೆಯವರೆಗೂ ಹೋಗಬೇಕಾಗಿ ಬರಲಿಲ್ಲ; ಚೀಟಿ ನಿಲ್ಲಲಿಲ್ಲ, ಅನರ್ಹತೆಯೂ ನಿಲ್ಲಲಿಲ್ಲ. (ನಮ್ಮ ಕೂಟಗಳಲ್ಲಿ ಭಾಷೆಯ ತೊಡಕಿಲ್ಲ. ದಯವಿಟ್ಟು ಕನ್ನಡದಲ್ಲೇ ಬರೆಯಿರಿ, ಓದುವವರೆಲ್ಲ ಇಲ್ಲಿಯವರೇ.)

'ಬ್ರೆಸ್ಟ್‌ಸ್ಟ್ರೋಕ್, ಲೇನ್ 5, ಟರ್ನ್ ತಪ್ಪು' ಎಂದು ಬರೆದರೆ ಅದು ವಿವರ ಆಗುವುದಿಲ್ಲ. 'ಈವೆಂಟ್ 14, ಹೀಟ್ 3, ಲೇನ್ 5, 50 ಮೀಟರ್ ಟರ್ನ್: ಎಡಗೈ ಗೋಡೆ ಮುಟ್ಟಿತು, ಬಲಗೈ ಮುಟ್ಟಲಿಲ್ಲ' ಎಂದರೆ ವಿವರ. ಚೀಟಿ ಕೈಗೆ ಬಂದಾಗ ರೆಫರಿ ಮೂರು ಪ್ರಶ್ನೆ ಕೇಳಿದರೆ ಸಾಕು: ನೀವು ಎಲ್ಲಿ ನಿಂತಿದ್ದಿರಿ, ಏನು ನೋಡಿದಿರಿ, ಯಾವ ನಿಯಮ ಮುರಿಯಿತು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಸಹಿ ಹಾಕಲಿ. 'ಏನೋ ಸರಿ ಇಲ್ಲ ಅನಿಸಿತು' ಎಂಬ ಉತ್ತರ ಬಂದರೆ ಸಂಶಯದ ಲಾಭ ಈಜುಗಾರನದು. ಈ ಮೂರು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು. ಅಷ್ಟೂ ಪುರುಸೊತ್ತಿಲ್ಲದಷ್ಟು ಈವೆಂಟ್‌ಗಳನ್ನು ಒಂದೇ ದಿನಕ್ಕೆ ತುರುಕಿದ್ದರೆ ತಪ್ಪು ವೇಳಾಪಟ್ಟಿ ಮಾಡಿದವರದು.

ಇನ್ನು, ಎಲ್ಲಿ ನಿಂತರೆ ಏನು ಕಾಣುತ್ತದೆ ಎಂಬ ಪ್ರಶ್ನೆ. ಎಂಟು ಲೇನ್‌ಗಳ ಕೊಳದ ಒಂದು ಮೂಲೆಯಲ್ಲಿ ಕುರ್ಚಿ ಹಾಕಿ ಕೂತ ಒಬ್ಬ ಜಡ್ಜ್ ಎಂಟೂ ಲೇನ್‌ಗಳ ಟರ್ನ್ ನೋಡುವುದು ಆಗದ ಮಾತು. ಒಂದು ಲೇನ್ ಎರಡೂವರೆ ಮೀಟರ್ ಅಗಲ, ಎಂಟನೇ ಲೇನ್ ಆತನಿಂದ ಸುಮಾರು 20 ಮೀಟರ್ ಆಚೆ. ಅಷ್ಟು ಓರೆಯಿಂದ ನೋಡಿದಾಗ ನೀರಿನಡಿಯ ಕೈ ಇರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಅದರ ಮೇಲೆ ನಡುವೆ ಏಳು ಮಕ್ಕಳ ನೀರಿನ ಎರಚಾಟ. ಟರ್ನ್ ಜಡ್ಜ್ ನಿಲ್ಲಬೇಕಾದ್ದು ಲೇನ್‌ನ ತಲೆಯಲ್ಲಿ, ಗೋಡೆಯ ಅಂಚಿಗೆ ಬಂದು, ನೇರ ಕೆಳಗೆ ನೋಡುವ ಹಾಗೆ. ಆತನ ಅಧಿಕಾರ ಶುರುವಾಗುವುದು ಗೋಡೆಗೆ ಮುನ್ನಿನ ಕೊನೆಯ ಕೈಬೀಸಿನಿಂದ, ಮುಗಿಯುವುದು ತಿರುಗಿದ ಮೇಲಿನ ಮೊದಲ ಕೈಬೀಸಿಗೆ, ಬ್ರೆಸ್ಟ್‌ಸ್ಟ್ರೋಕ್‌ನಲ್ಲಾದರೆ ಎರಡನೆಯದಕ್ಕೆ. ಅದರಾಚೆ ನಡುಕೊಳದಲ್ಲಿ ಆದದ್ದು ಬದಿಯಲ್ಲಿ ನಡೆಯುತ್ತಾ ಬರುವ ಸ್ಟ್ರೋಕ್ ಜಡ್ಜ್‌ನ ಪಾಲಿಗೆ. ಲೇನ್‌ಗೆ ಒಬ್ಬರು ಸಿಗದಿದ್ದರೆ ಎರಡು ಲೇನ್‌ಗೆ ಒಬ್ಬರಿರಲಿ. ನಾಲ್ಕಕ್ಕೊಬ್ಬರಾದರೆ ಒಂದನ್ನೂ ಪೂರ್ತಿ ನೋಡಿದ ಹಾಗಾಗುವುದಿಲ್ಲ.

ನೆರಳಿಲ್ಲದ ಕೊಳಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಪಡುವಣದ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ. ಆಗ ಸ್ಟ್ರೋಕ್ ಜಡ್ಜ್‌ಗಳು ಸೂರ್ಯನಿಗೆ ಬೆನ್ನು ಹಾಕಿದ ಬದಿಯಿಂದ ನೋಡಬೇಕು. ಜೋರು ಮಳೆ ಬರುವಾಗ ನೀರಿನಡಿ ಏನೂ ಕಾಣದು. ಕಾಣದಿದ್ದದ್ದನ್ನು ಬರೆಯಬಾರದು, ಅಷ್ಟೇ.

ನಮಗೆ ಅತಿ ಹೆಚ್ಚು ಬೇಸರ ತರುವುದು ಹಳೆಯ ನಿಯಮಗಳ ಮೇಲಿನ ತೀರ್ಪು. ನಿಯಮ ಬದಲಾಗಿ ವರ್ಷಗಳಾದರೂ ನೆನಪು ಬದಲಾಗಿರುವುದಿಲ್ಲ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈ ಟಚ್‌ನಲ್ಲಿ ಒಂದು ಕೈ ಮೇಲೆ, ಇನ್ನೊಂದು ಕೈ ತುಸು ಕೆಳಗೆ ಇದ್ದರೆ ತಪ್ಪು ಎಂದು ಇಂದಿಗೂ ಅನರ್ಹಗೊಳಿಸುವ ಜಡ್ಜ್‌ಗಳಿದ್ದಾರೆ. ನಿಯಮ ಕೇಳುವುದು ಎರಡೂ ಕೈ ಏಕಕಾಲಕ್ಕೆ ಮುಟ್ಟಬೇಕು ಮತ್ತು ಒಂದು ಇನ್ನೊಂದರ ಮೇಲೆ ಕೂರದೆ ಬೇರೆ ಬೇರೆ ಇರಬೇಕು ಎಂದು ಮಾತ್ರ. ನೀರಿನ ಮಟ್ಟದಲ್ಲಿ, ಮೇಲೆ, ಕೆಳಗೆ, ಎಲ್ಲಿ ಮುಟ್ಟಿದರೂ ಆದೀತು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಸ್ಟಾರ್ಟ್ ಮತ್ತು ಪ್ರತಿ ಟರ್ನ್ ಆದ ಮೇಲೆ ಒಂದು ಡಾಲ್ಫಿನ್ ಕಿಕ್‌ಗೆ (ಎರಡೂ ಕಾಲನ್ನು ಒಟ್ಟಿಗೆ ಬಡಿಯುವುದಕ್ಕೆ) ಅವಕಾಶವಿದೆ. ಮೊದಲು ಅದನ್ನು ಕೈ ಎಳೆತದ ಜೊತೆಗೇ ಹೊಡೆಯಬೇಕಿತ್ತು, ಈಗ ಮೊದಲ ಬ್ರೆಸ್ಟ್‌ಸ್ಟ್ರೋಕ್ ಕಿಕ್‌ಗೆ ಮುಂಚೆ ಯಾವಾಗ ಹೊಡೆದರೂ ಸರಿ. ಕೈ ಎಳೆಯುವ ಮೊದಲೇ ಕಿಕ್ ಬಂತೆಂದು ಅನರ್ಹಗೊಳಿಸಿದರೆ ಆ ಮಗು ಹೊಸ ನಿಯಮ ಕಲಿತ ತಪ್ಪಿಗೆ ಶಿಕ್ಷೆ ಅನುಭವಿಸಿದಂತೆ. ನಿಜವಾಗಿ ನೋಡಬೇಕಾದ್ದು ಬೇರೆಯೇ ಇದೆ: ಎರಡನೇ ಕೈಬೀಸಿನ ಅತಿ ಅಗಲದ ಹಂತದಲ್ಲಿ ಕೈಗಳು ಒಳಕ್ಕೆ ತಿರುಗುವ ಮುನ್ನ ತಲೆ ನೀರಿನಿಂದ ಮೇಲೆ ಬಂತೇ? ಒಂದು ಪಾದ ಹೊರಮುಖ, ಇನ್ನೊಂದು ಒಳಮುಖವಾಗಿ ಕತ್ತರಿ ಕಿಕ್ ಆಯಿತೇ? ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಈ ಕತ್ತರಿ ಕಿಕ್, ಹೆಚ್ಚಾಗಿ ಕಣ್ತಪ್ಪಿ ಹೋಗುವುದೂ ಇದೇ. ಬದಿಯಿಂದ ನೋಡಿದರೆ ಇದು ಸಿಗುವುದಿಲ್ಲ. ಹಿಂದಿನಿಂದ, ಈಜುಗಾರ ದೂರ ಹೋಗುತ್ತಿರುವಾಗ ನೋಡಬೇಕು.

ಬ್ಯಾಕ್‌ಸ್ಟ್ರೋಕ್‌ನಲ್ಲೂ ಹೀಗೆಯೇ. ಕೊನೆಯ ಗೋಡೆ ಮುಟ್ಟುವಾಗ ದೇಹ ಪೂರ್ತಿ ಮುಳುಗಿದ್ದರೆ ತಪ್ಪು ಎಂಬುದು ಹಳೆಯ ಮಾತು. 2023ರ ನಿಯಮಗಳ ಪ್ರಕಾರ ಮುಕ್ತಾಯಕ್ಕೆ ಮುನ್ನಿನ 5 ಮೀಟರ್ ಗುರುತನ್ನು ತಲೆಯ ಯಾವುದೇ ಭಾಗ ದಾಟಿದ ಮೇಲೆ ಪೂರ್ತಿ ಮುಳುಗಬಹುದು. ಆದರೆ ಈ ನಿಯಮ ಜಾರಿ ಮಾಡಲು ಲೇನ್ ಹಗ್ಗದ ಮೇಲೆ 5 ಮೀಟರ್ ಗುರುತು ಇರಬೇಕಲ್ಲ? 15 ಮೀಟರ್ ಗುರುತೂ ಅಷ್ಟೇ ಮುಖ್ಯ. ಬಣ್ಣ ಬೇರೆ ಇರುವ ಬಿಲ್ಲೆ 15 ಮೀಟರ್‌ನಲ್ಲಿ ಇಲ್ಲದ ಹಗ್ಗ ಕಟ್ಟಿ, 'ನೀರಿನಡಿ 15 ಮೀಟರ್ ದಾಟಿದ' ಎಂದು ಕಣ್ಣಂದಾಜಿನಲ್ಲಿ ಅನರ್ಹಗೊಳಿಸುವುದು ಯಾವ ನ್ಯಾಯ? ಬ್ಯಾಕ್‌ಸ್ಟ್ರೋಕ್ ಬಾವುಟದ ಸಾಲು ಗೋಡೆಯಿಂದ 5 ಮೀಟರ್ ದೂರದಲ್ಲಿ, ನೀರಿನಿಂದ 1.8 ಮೀಟರ್ ಎತ್ತರದಲ್ಲಿ ಇರಬೇಕು. ನಮ್ಮಲ್ಲಿ ಮಳೆಗೆ ನೆನೆದ ಹಗ್ಗ ಜೋತು ಬೀಳುತ್ತದೆ, ಕಂಬವನ್ನು ಯಾರೋ ದಾರಿಗೆ ಅಡ್ಡವೆಂದು ಅರ್ಧ ಮೀಟರ್ ಸರಿಸಿರುತ್ತಾರೆ. ಬಾವುಟ ನೋಡಿ ಕೈಬೀಸು ಎಣಿಸಿ ತಿರುಗುವ ಮಗುವಿಗೆ ಅರ್ಧ ಮೀಟರ್ ಎಂದರೆ ಗೋಡೆಗೆ ತಲೆ ಬಡಿಯುವುದು. ಬೆಳಿಗ್ಗೆ ವಾರ್ಮ್‌ಅಪ್‌ಗೆ ಮೊದಲೇ ಟೇಪ್ ಹಿಡಿದು ಎರಡೂ ಕಡೆ ಅಳೆಯಿರಿ. ಇದು ತೀರ್ಪಿಗಿಂತ ಮೊದಲು ಸುರಕ್ಷತೆಯ ಪ್ರಶ್ನೆ.

ನಾಲ್ಕೂ ಶೈಲಿಗಳನ್ನು ಒಂದೇ ರೇಸ್‌ನಲ್ಲಿ ಈಜುವ ಮೆಡ್ಲೆಯಲ್ಲಿ ಬ್ಯಾಕ್‌ನಿಂದ ಬ್ರೆಸ್ಟ್‌ಗೆ ಹೋಗುವ ಟರ್ನ್ ಬಗ್ಗೆ ಒಂದೇ ಮಾತು: ಅಲ್ಲಿ ಬೆನ್ನ ಮೇಲೆ ಇದ್ದುಕೊಂಡೇ ಗೋಡೆ ಮುಟ್ಟಬೇಕು. 2024ರ ಪ್ಯಾರಿಸ್‌ನಲ್ಲಿ 200 ಮೀಟರ್ ಮೆಡ್ಲೆ ಫೈನಲ್‌ನಲ್ಲಿ ಮೂರನೆಯವರಾಗಿ ಮುಟ್ಟಿದ ಅಲೆಕ್ಸ್ ವಾಲ್ಶ್ ಪದಕ ಕಳೆದುಕೊಂಡದ್ದು ಇದೇ ಟರ್ನ್‌ನಲ್ಲಿ. ಅಲ್ಲಿ ಏನಾಯಿತೆಂದು ಜಗತ್ತಿಗೆಲ್ಲ ಗೊತ್ತು. ನಮ್ಮ ಕೊಳದಲ್ಲಿ ಏನಾಯಿತೆಂದು ಈಜಿದವಳಿಗೇ ಗೊತ್ತಿರುವುದಿಲ್ಲ.

ಸ್ಟಾರ್ಟ್ ವಿಚಾರಕ್ಕೆ ಬರೋಣ. ಒಂದೇ ಸ್ಟಾರ್ಟ್ ನಿಯಮ ಕಠಿಣವಾದದ್ದು, ಎರಡನೇ ಅವಕಾಶವಿಲ್ಲ. ಅಷ್ಟು ಕಠಿಣ ನಿಯಮ ಹಾಕುವಾಗ ಸ್ಟಾರ್ಟರ್ ಕಡೆಯಿಂದಲೂ ಶಿಸ್ತು ಬೇಕು. 'ಟೇಕ್ ಯುವರ್ ಮಾರ್ಕ್ಸ್' ಎಂದ ಮೇಲೆ ಎಲ್ಲರೂ ಅಲುಗದೆ ನಿಂತ ಮೇಲಷ್ಟೇ ಸಿಗ್ನಲ್. ಎಂಟು ವರ್ಷದ ಮಗು ಬ್ಲಾಕ್ ಮೇಲೆ ಬಗ್ಗಿ ನಿಲ್ಲಲು ದೊಡ್ಡವರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಇನ್ನೂ ಒಬ್ಬ ಬಗ್ಗುತ್ತಿರುವಾಗಲೇ ಸಿಗ್ನಲ್ ಕೊಟ್ಟರೆ ಅವನು ಹಿಂದುಳಿಯುತ್ತಾನೆ, ಬಹಳ ಹೊತ್ತು ಹಿಡಿದಿಟ್ಟರೆ ಇನ್ನೊಬ್ಬ ಬೀಳುತ್ತಾನೆ. ಯಾರಾದರೂ ಓಲಾಡುತ್ತಿದ್ದರೆ ಎಲ್ಲರನ್ನೂ ನೆಟ್ಟಗೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಫಾಲ್ಸ್ ಸ್ಟಾರ್ಟ್ ಎನ್ನುವ ಮೊದಲು ಸ್ಟಾರ್ಟರ್ ಮತ್ತು ರೆಫರಿ ಇಬ್ಬರೂ ಅದೇ ಲೇನ್ ನಂಬರ್ ಬರೆದುಕೊಂಡಿರಬೇಕು. ಒಬ್ಬರು 3, ಇನ್ನೊಬ್ಬರು 4 ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಸಿಗ್ನಲ್ ಆದ ಮೇಲೆ ಮಕ್ಕಳನ್ನು ವಾಪಸ್ ಕರೆಯುವ ಅಗತ್ಯವೂ ಇಲ್ಲ: ರೇಸ್ ಮುಗಿಯಲಿ, ತಪ್ಪಿದವರನ್ನು ಆಮೇಲೆ ಅನರ್ಹಗೊಳಿಸಿ. ಅರ್ಧ ಕೊಳ ಈಜಿದ ಎಂಟು ಮಕ್ಕಳನ್ನು ಹಗ್ಗ ಬೀಳಿಸಿ ನಿಲ್ಲಿಸಿ ಐದು ನಿಮಿಷದಲ್ಲಿ ಮತ್ತೆ ಓಡಿಸುವುದು ಯಾರಿಗೂ ಒಳ್ಳೆಯದಲ್ಲ.

ರಿಲೇಯಲ್ಲಿ ನೋಡುವ ಕ್ರಮ ಒಂದೇ: ಬ್ಲಾಕ್ ಮೇಲಿರುವವನ ಕಾಲ್ಬೆರಳ ಮೇಲೆ ಕಣ್ಣಿಡಿ, ಬೆರಳು ಬಿಟ್ಟ ಕ್ಷಣ ಗೋಡೆಯತ್ತ ನೋಡಿ, ಬರುವವನ ಕೈ ಮುಟ್ಟಿದೆಯೇ? ಗೋಡೆಯನ್ನೇ ಮೊದಲು ನೋಡುತ್ತಾ ನಿಂತವರಿಗೆ ಕಾಲು ಬಿಟ್ಟದ್ದು ತಿಳಿಯುವುದೇ ಇಲ್ಲ. ವಿದ್ಯುನ್ಮಾನ ಉಪಕರಣ ಇರುವ ಕಡೆ 0.03 ಸೆಕೆಂಡ್ ಮುಂಚೆ ಬಿಟ್ಟರೂ ಒಪ್ಪುತ್ತಾರೆ. ಬರಿಗಣ್ಣಿಗೆ ಅಷ್ಟು ಸೂಕ್ಷ್ಮ ಇಲ್ಲ. ಹಾಗಾಗಿ ಒಬ್ಬರ ಮಾತಿನ ಮೇಲೆ ನಾಲ್ಕು ಮಕ್ಕಳನ್ನು ಅನರ್ಹಗೊಳಿಸಬೇಡಿ. ಇಬ್ಬರು ಸ್ವತಂತ್ರವಾಗಿ ಹೇಳಲಿ.

ಈಗ ಸಮಯ. ಜಿಲ್ಲಾ ಮಟ್ಟದ ಕೂಟಗಳಲ್ಲಿ ಬಹುಪಾಲು ಈವೆಂಟ್‌ಗಳು ಟೈಮ್ಡ್ ಫೈನಲ್, ಅಂದರೆ ಎಲ್ಲ ಹೀಟ್‌ಗಳ ಸಮಯ ಹೋಲಿಸಿಯೇ ಸ್ಥಾನ ಕೊಡುವುದು. ಹೀಟ್ 2ರಲ್ಲಿ ಈಜಿದವಳೂ ಹೀಟ್ 5ರಲ್ಲಿ ಈಜಿದವಳೂ ಅಕ್ಕಪಕ್ಕ ಈಜಲೇ ಇಲ್ಲ, ಪದಕ ನಿರ್ಧಾರವಾಗುವುದು ಸ್ಟಾಪ್‌ವಾಚ್‌ನಲ್ಲಿ. ಹಾಗಾಗಿ ಇಲ್ಲಿನ ತಪ್ಪು ಸ್ಟ್ರೋಕ್ ಜಡ್ಜ್‌ನ ತಪ್ಪಿಗಿಂತ ದೊಡ್ಡದು, ಏಕೆಂದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. 50 ಮೀಟರ್ ಕೊಳದಲ್ಲಿ 50 ಮೀಟರ್ ರೇಸ್ ಶುರುವಾಗುವುದು ಒಂದು ತುದಿಯಲ್ಲಿ, ಮುಗಿಯುವುದು ಇನ್ನೊಂದರಲ್ಲಿ. ಟೈಮ್‌ಕೀಪರ್ ಮುಕ್ತಾಯದ ತುದಿಯಲ್ಲಿ ನಿಂತು ಹಾರ್ನ್ ಕೇಳಿ ಗುಂಡಿ ಒತ್ತಿದರೆ ಆ ಶಬ್ದ ಅವರಿಗೆ ತಲುಪುವಷ್ಟರಲ್ಲಿ ಸುಮಾರು 0.15 ಸೆಕೆಂಡ್ ಕಳೆದಿರುತ್ತದೆ. 30 ಸೆಕೆಂಡಿನಲ್ಲಿ 50 ಮೀಟರ್ ಈಜುವ ಮಗು ಅಷ್ಟರಲ್ಲಿ ಕಾಲು ಮೀಟರ್ ಸಾಗುತ್ತದೆ. ಒಬ್ಬ ಟೈಮ್‌ಕೀಪರ್ ಲೈಟ್ ನೋಡಿ ಒತ್ತಿ, ಪಕ್ಕದ ಲೇನ್‌ನವರು ಶಬ್ದ ಕೇಳಿ ಒತ್ತಿದರೆ ಅಷ್ಟೇ ವ್ಯತ್ಯಾಸಕ್ಕೆ ಪದಕ ಬದಲಾಗುತ್ತದೆ. ಸ್ಟಾರ್ಟಿಂಗ್ ಸೆಟ್‌ನಲ್ಲಿ ಫ್ಲಾಶ್ ಲೈಟ್ ಇರಲೇಬೇಕು, ಎಲ್ಲರೂ ಅದನ್ನೇ ನೋಡಿ ಒತ್ತಬೇಕು. ಶುರುವಿನಲ್ಲಿ ಬೆರಳು ಸುಮಾರು 0.2 ಸೆಕೆಂಡ್ ತಡ ಮಾಡುತ್ತದೆ, ಕೊನೆಯಲ್ಲಿ ಬರುವ ಕೈ ಮೊದಲೇ ಕಾಣುವುದರಿಂದ ಅಷ್ಟು ತಡ ಮಾಡುವುದಿಲ್ಲ. ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನ ಸಮಯ ಟಚ್‌ಪ್ಯಾಡ್ (ಈಜುಗಾರ ಮುಟ್ಟಿದಾಗ ತಾನೇ ಸಮಯ ದಾಖಲಿಸುವ ಗೋಡೆಯ ಫಲಕ) ಸಮಯಕ್ಕಿಂತ ಚುರುಕಾಗಿ ಕಾಣುವುದು ಇದರಿಂದ. ಇಲ್ಲಿಯ ಸಮಯ ಹಿಡಿದುಕೊಂಡು ರಾಜ್ಯ ಕೂಟಕ್ಕೆ ಹೋದ ಮಕ್ಕಳು ಅಲ್ಲಿ 'ನಿಧಾನ' ಆಗಿಬಿಡುವ ಕಾರಣವೂ ಹಲವು ಸಲ ಇದೇ.

ಒಂದು ಲೇನ್‌ಗೆ ಮೂರು ವಾಚ್ ಇದ್ದರೆ ಸಮಯ ತೆಗೆಯುವ ನಿಯಮ ಸರಳ, ಆದರೂ ಮೇಜಿನ ಮೇಲೆ ಅದು ತಪ್ಪುತ್ತದೆ. ಮೂರರಲ್ಲಿ ಎರಡು ಒಂದೇ ಆದರೆ ಅದೇ ಸಮಯ. ಮೂರೂ ಬೇರೆಯಾದರೆ ನಡುವಿನದು, ಸರಾಸರಿ ಅಲ್ಲ. 34.18, 34.25, 34.41 ಬಂದರೆ ಅಧಿಕೃತ ಸಮಯ 34.25. ಸರಾಸರಿ ಹಾಕಿದವರು 34.28 ಬರೆಯುತ್ತಾರೆ, ಮೂರು ಶತಾಂಶ ಮಗುವಿನಿಂದ ಹೋಯಿತು. ಒಂದು ವಾಚ್ ಕೆಟ್ಟು ಎರಡೇ ಉಳಿದರೆ ಮಾತ್ರ ಸರಾಸರಿ. 34.18 ಮತ್ತು 34.25 ಆದರೆ 34.21, ಮೂರನೇ ದಶಾಂಶ ಬಿಟ್ಟುಬಿಡಿ. ಶತಾಂಶಕ್ಕಿಂತ ಕೆಳಗೆ ಇಳಿಯುವುದಕ್ಕೆ ಅರ್ಥವೂ ಇಲ್ಲ. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲೆ ಚಿನ್ನವನ್ನು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದ ಅಂತರಕ್ಕೆ ಗುನ್ನಾರ್ ಲಾರ್ಸನ್‌ಗೆ ಕೊಟ್ಟರು. ಆಮೇಲೆ ಶತಾಂಶಕ್ಕೇ ನಿಲ್ಲಿಸಿದರು. ಕೊಳ ಕಟ್ಟುವಾಗಲೇ ಲೇನ್‌ನಿಂದ ಲೇನ್‌ಗೆ ಒಂದು ಸೆಂಟಿಮೀಟರ್‌ನಷ್ಟು ವ್ಯತ್ಯಾಸಕ್ಕೆ ಅವಕಾಶ ಇರುವಾಗ ಸಾವಿರದ ಲೆಕ್ಕದಲ್ಲಿ ನಾವು ಅಳೆಯುವುದು ಈಜನ್ನಲ್ಲ, ಗಾರೆ ಕೆಲಸವನ್ನು. ಕಣ್ಣು ಮತ್ತು ಗಡಿಯಾರ ಜಗಳವಾಡಿದರೆ ಏನಾಗುತ್ತದೆ ಎಂಬುದಕ್ಕೆ 1960ರ ರೋಮ್ ಸಾಕ್ಷಿ: 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಲಾನ್ಸ್ ಲಾರ್ಸನ್ ಲೇನ್‌ನ ಮೂರು ವಾಚ್‌ಗಳು 55.0, 55.1, 55.1 ತೋರಿಸಿದವು, ಜಾನ್ ಡೆವಿಟ್‌ರ ಮೂರೂ ವಾಚ್‌ಗಳು 55.2. ಆದರೂ ಜಡ್ಜ್‌ಗಳ ಕಣ್ಣನ್ನೇ ನಂಬಿ ಚಿನ್ನವನ್ನು ಡೆವಿಟ್‌ಗೆ ಕೊಟ್ಟರು.

ಕಂಬಳದ ಮಂಜೊಟ್ಟಿಗೆ, ಅಂದರೆ ಓಟ ಮುಗಿಯುವ ತುದಿಗೆ, ಲೇಸರ್ ಕಿರಣ ತಂದು ಕೋಣಗಳ ಓಟವನ್ನು ಸೆಕೆಂಡಿನ ನೂರನೇ ಭಾಗದಲ್ಲಿ ಅಳೆಯುವ ಊರು ನಮ್ಮದು. ಮಂಗಳೂರಿನ ಎಮ್ಮೆಕೆರೆಯಲ್ಲಿ 50 ಮೀಟರ್ ಕೊಳ ಬಂದಿದೆ, ಉಡುಪಿಯ ಅಜ್ಜರಕಾಡಿನಲ್ಲಿ, ಮಂಗಳೂರಿನ ಮಂಗಳಾ ಕೊಳದಲ್ಲಿ ದಿನವೂ ಮಕ್ಕಳು ಈಜುತ್ತಾರೆ. ಎಲ್ಲ ಕೂಟಕ್ಕೂ ಟಚ್‌ಪ್ಯಾಡ್ ತರಿಸಿ ಎಂದು ನಾವು ಕೇಳುತ್ತಿಲ್ಲ, ಅದರ ಬಾಡಿಗೆ ಎಷ್ಟೆಂದು ನಮಗೂ ಗೊತ್ತು. ಲೇನ್‌ಗೆ ಮೂವರಂತೆ 24 ಟೈಮ್‌ಕೀಪರ್‌ಗಳು, ವಾಚ್ ನಿಂತುಹೋದರೆ ಬದಲಿಗೆ ಇಬ್ಬರು. ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಮಾಡುತ್ತಾರೆ, ಮುಂಚಿನ ದಿನ ಒಂದು ಗಂಟೆ ಕೂರಿಸಿ ಹೇಳಿಕೊಟ್ಟರೆ. ಲೈಟ್ ನೋಡಿ ಒತ್ತಿ, ಕೊನೆಗೆ ಅಂಚಿಗೆ ಬಂದು ಬಗ್ಗಿ ನೋಡಿ, ತಲೆ ನೋಡಬೇಡಿ ಕೈ ನೋಡಿ, ಪಕ್ಕದವರ ವಾಚ್ ನೋಡಿ ನಿಮ್ಮದನ್ನು ತಿದ್ದಬೇಡಿ. ಇಷ್ಟೇ ಪಾಠ.

ಪ್ರೊಟೆಸ್ಟ್ ಬಗ್ಗೆ. ಈವೆಂಟ್ ಮುಗಿದ 30 ನಿಮಿಷದೊಳಗೆ ಲಿಖಿತವಾಗಿ, ಠೇವಣಿಯೊಂದಿಗೆ ತಂಡದ ಮ್ಯಾನೇಜರ್ ರೆಫರಿಗೆ ಕೊಡಬೇಕೆಂಬುದು ನಿಯಮ. ಫಲಿತಾಂಶವೇ ಮುಕ್ಕಾಲು ಗಂಟೆ ಬಿಟ್ಟು ಅಂಟಿಸಿದರೆ ಆ 30 ನಿಮಿಷ ಯಾರಿಗಾಗಿ? ಅನರ್ಹತೆಯನ್ನು ಹೀಟ್ ಮುಗಿದ ಕೂಡಲೇ ಮೈಕ್‌ನಲ್ಲಿ ಲೇನ್ ಮತ್ತು ಕಾರಣ ಸಹಿತ ಹೇಳಿ. ಹಾಳೆಯ ಮೇಲೆ ಅಂಟಿಸಿದ ಗಂಟೆ ನಿಮಿಷ ಬರೆಯಿರಿ, 30 ನಿಮಿಷವನ್ನು ಅಲ್ಲಿಂದ ಲೆಕ್ಕ ಹಾಕಿ. ಠೇವಣಿ ಎಷ್ಟು, ಪ್ರೊಟೆಸ್ಟ್ ಗೆದ್ದರೆ ವಾಪಸ್ ಬರುತ್ತದೆಯೇ ಎಂಬುದು ಸುತ್ತೋಲೆಯಲ್ಲೇ ಅಚ್ಚಾಗಿರಲಿ. ರೆಫರಿ ತಳ್ಳಿಹಾಕಿದರೆ ಕಾರಣ ಕೊಡಬೇಕು, ಆಮೇಲೆ ಮೇಲ್ಮನವಿ ಜ್ಯೂರಿ. ನಮ್ಮ ಊರು ಚಿಕ್ಕದು, ಕೋಚ್‌ಗಳೇ ಜಡ್ಜ್ ಆಗುವುದು, ಜ್ಯೂರಿಯಲ್ಲಿ ಕೂರುವುದು ತಪ್ಪಿಸಲಾಗದು. ತಪ್ಪಿಸಬಹುದಾದ್ದು ಇಷ್ಟು: ತಮ್ಮ ಕ್ಲಬ್ಬಿನ ಮಕ್ಕಳಿರುವ ಲೇನ್ ಬಂದಾಗ ಜಾಗ ಬದಲಿಸಿಕೊಳ್ಳಲಿ, ಜ್ಯೂರಿಯಲ್ಲಿ ತಮ್ಮವರ ಪ್ರಶ್ನೆ ಬಂದಾಗ ಮತ ಹಾಕದಿರಲಿ. ಅಂತರರಾಷ್ಟ್ರೀಯ ಜ್ಯೂರಿಯ ಸದಸ್ಯರಿಗೂ ಇದೇ ಕಟ್ಟಳೆ ಇದೆ.

ನಾವು ಕೇಳುತ್ತಿರುವುದನ್ನು ಮುಂದಿನ ಕೂಟದ ಸುತ್ತೋಲೆಗೆ ಸೇರಿಸಿ. ಮುಖ್ಯವಾದದ್ದು ಡಿಕ್ಯೂ ಚೀಟಿ: ಮೂರು ಪ್ರತಿ, ಒಂದು ರೆಫರಿಗೆ, ಒಂದು ಫಲಿತಾಂಶದ ಮೇಜಿಗೆ, ಒಂದು ಕೋಚ್ ಕೈಗೆ. ಕಾರ್ಬನ್ ಹಾಳೆ ಸಾಕು. ಜಡ್ಜ್ ಹೆಸರು ಕೋಚ್ ಪ್ರತಿಯಲ್ಲಿ ಬೇಡವೆಂದರೆ ಬಿಡಿ, ಅವರನ್ನು ಹುಡುಕಿ ಜಗಳಕ್ಕೆ ಹೋಗುವ ಹೆತ್ತವರೂ ನಮ್ಮ ನಡುವೆ ಇದ್ದಾರೆ ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ಅವರನ್ನು ಗ್ಯಾಲರಿಯಲ್ಲೇ ಕೂರಿಸುವ ಹೊಣೆ ನಮ್ಮದು. ಎರಡನೆಯದಾಗಿ, ಸೀಸನ್ ಶುರುವಾಗುವ ಮೊದಲು ಅರ್ಧ ದಿನದ ತರಬೇತಿ ಇಟ್ಟು ಈಗಿನ ನಿಯಮ ಪುಸ್ತಕ ಓದಿಸಿ, ಮಕ್ಕಳನ್ನು ನೀರಿಗಿಳಿಸಿ ಸರಿ ಟರ್ನ್, ತಪ್ಪು ಟರ್ನ್ ಎರಡನ್ನೂ ಮಾಡಿಸಿ ತೋರಿಸಿ. ಮಕ್ಕಳನ್ನು ನಾವು ಕಳಿಸುತ್ತೇವೆ, ಬೇಕಾದರೆ ಕೋಚ್‌ಗಳೂ ಬರುತ್ತಾರೆ.

ಸುತ್ತೋಲೆ ಹೊರಡಿಸುವ ಮೊದಲು ಒಂದು ಸಭೆ ಕರೆದರೆ ಮಾದರಿ ಚೀಟಿಯನ್ನು ನಾವೇ ಅಚ್ಚು ಹಾಕಿಸಿ ತರುತ್ತೇವೆ. ದಿನ ತಿಳಿಸಿ.

ಇತಿ ತಮ್ಮ ವಿಶ್ವಾಸಿಗಳು,
ಈಜುಪಟುಗಳ ಹೆತ್ತವರು ಮತ್ತು ತರಬೇತುದಾರರು
ಮಂಗಳೂರು, ಉಡುಪಿ